ಮೂರಕ್ಕೆ ಇಳಿಯಬೇಕಿದ್ದ ವಿಮಾನ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಎಲ್ಲವೂ ಯಾವಾಗಲೂ ಅವರ ಮಾವನ ಗೆಳೆಯನಿಗೇ ಆಗಿರುತ್ತದೆ. ಇದು ಹಾಗಲ್ಲ, ನನಗೇ ಆದದ್ದು, ನಮ್ಮ ಮನೆಯ ಪಡಸಾಲೆಯಲ್ಲಿ. ಆ ರಾತ್ರಿ ನನ್ನ ಹೆಂಡತಿ ಮಹಾದೇವಿ ಪಕ್ಕದಲ್ಲೇ ಕೂತಿದ್ದಳು. ನಾನು ಒಂದು ಮಾತು ಹೆಚ್ಚಿಗೆ ಹೇಳಿದರೂ ಅವಳು ಸುಮ್ಮನೆ ಬಿಡುವವಳಲ್ಲ.

ನಮ್ಮೂರು ಶಹಾಪುರದ ಆಚೆ, ಕಾಲುವೆಯ ಪಕ್ಕ. ನಾನು ಕಾಲುವೆಯ ನೀರು ಅಳೆಯುವ ನೌಕರ. ಮೇಲೆ ಗೇಟು ಎತ್ತಿದರೆ ಯಾವ ಊರಿಗೆ ನೀರು ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ರೈತರಿಗೆ ಹೇಳಬೇಕು. ಅರ್ಧ ತಾಸಿಗಿಂತ ಹೆಚ್ಚು ತಪ್ಪಿದ್ದು ನೆನಪಿಲ್ಲ. ಅವ್ವನಂತೂ ಸಸಿ ಹಚ್ಚುವ ಹೆಂಗಸರ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು: "ನನ್ನ ಮಗ ಹೇಳ್ಯಾನಂದ್ರ ಮುಗೀತು, ನೀರು ಓಡಿ ಬರ್ತದ."

ಆ ಅವ್ವ ಹಾಸಿಗೆ ಹಿಡಿದಳು. ಯಾದಗಿರಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, "ಮನಿಗಿ ಕರ್ಕೊಂಡು ಹೋಗ್ರಿ. ಯಾರನ್ನಾರ ಕರಸೋದಿದ್ರ ಲಗೂನ ಕರಸ್ರಿ," ಅಂದರು.

ಕರೆಸಬೇಕಾದವಳು ಒಬ್ಬಳೇ, ತಂಗಿ ಸುಜಾತಾ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಪ್ಪ ಹೋದ ಮೇಲೆ ಅವ್ವ ಕಂಡವರ ಗದ್ದೆಯಲ್ಲಿ ಸೊಂಟ ಬಗ್ಗಿಸಿ ಓದಿಸಿದ ಹುಡುಗಿ. ಊರಿಗೆ ಬಂದು ಹೋಗಿ ಮೂರು ವರ್ಷವಾಗಿತ್ತು. ಅವಳು ಬರುತ್ತಾಳೆ ಎಂದು ತಿಳಿದ ಕೂಡಲೇ ಅವ್ವ ನನ್ನ ಕೈ ಹಿಡಿದಳು.

"ಸುಜಿ ಮುಟ್ಟೋತನಕ ಜೀವ ಹಿಡಕೊಂಡಿರ್ತೀನಿ ತಮ್ಮಾ."

ಮರುದಿನ ಸಂಜೆ ಆರೂವರೆಗೆ ಸುಜಾತಾಳ ಫೋನು. "ಅಣ್ಣಾ, ವಿಮಾನದಾಗ ಕುಂತೀನಿ. ಸೀದಾ ಹೈದರಾಬಾದಿಗಿ. ಅವ್ವಗ ಹೇಳು, ನಾ..." ಮುಂದೆ ಬರೀ ಅಳು. ಎಷ್ಟೊತ್ತಿಗೆ ಇಳಿಯುತ್ತೀ ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು.

ಕೇಳುವುದೇನಿದೆ, ಲೆಕ್ಕ ಹಾಕಲು ನಾನಿಲ್ಲವೇ? ಮಗನ ಅಟ್ಲಾಸ್ ತೆಗೆದೆ. ಲಂಡನ್ನಿನಿಂದ ಹೈದರಾಬಾದಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದು, ಅದನ್ನು ಸ್ಕೇಲಿಗೆ ಹಚ್ಚಿದೆ. ಏಳೂವರೆ ಸಾವಿರ ಕಿಲೋಮೀಟರು. ವಿಮಾನಕ್ಕೆ ತಾಸಿಗೆ ಒಂಬೈನೂರು ಹಿಡಿದೆ. ಕಾಲುವೆಯ ಲೆಕ್ಕವಾಗಿದ್ದರೆ ನಡುದಾರಿಯಲ್ಲಿ ಮೋಟಾರು ಹಚ್ಚಿ ನೀರು ಎಳೆಯುವವರಿಗೆಂದು ಒಂದಿಷ್ಟು ಹೊತ್ತು ಹೆಚ್ಚಿಗೆ ಸೇರಿಸುತ್ತೇನೆ. ಆಕಾಶದಲ್ಲಿ ಯಾರು ಮೋಟಾರು ಹಚ್ಚುತ್ತಾರೆ ಎಂದು ಮಹಾದೇವಿಯ ಮುಂದೆ ನಗೆಚಾಟಿಕೆ ಮಾಡಿ ಅದನ್ನು ಬಿಟ್ಟೆ. ಉತ್ತರ ಬಂತು: ರಾತ್ರಿ ಮೂರು ಗಂಟೆಗೆ ಹೈದರಾಬಾದು. ಅಲ್ಲಿ ಬಾಡಿಗೆ ಕಾರು ಹೇಳಿಟ್ಟಿದ್ದೆ. ಎಂಟರೊಳಗೆ ಮನೆ.

"ಮೂರಕ್ಕ ಇಳೀತಾಳ ಯವ್ವಾ," ಅಂದೆ. ಅವ್ವ ತಲೆಯಾಡಿಸಿದಳು. ಅದೇ ಹೊತ್ತಿಗೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಕಿವಿ ಗುಂಯ್ ಅನ್ನಾಕತ್ಯಾವ..."

ಗಡಿಯಾರ ನೋಡಿದೆ. ಏಳಕ್ಕೆ ಹದಿನೈದು ನಿಮಿಷ ಇತ್ತು. ಗುಳಿಗೆಯ ಉಷ್ಣ ಇರಬೇಕು ಎಂದುಕೊಂಡೆ.

ಹನ್ನೊಂದಕ್ಕೆ ಕರೆಂಟು ಹೋಯಿತು. ಅದರ ಹಿಂದೆಯೇ ಫೋನಿನ ಟವರೂ ಸತ್ತಿತು. ಆಗ ನಮ್ಮ ಕಡೆ ಅದು ದಿನದ ಪಾಡು. ಕಂದೀಲು ಹಚ್ಚಿ ಕೂತೆವು. ಹೊರಗೆ ಗದ್ದೆಯ ಕಪ್ಪೆಗಳ ಗಲಾಟೆ, ಅದರಾಚೆ ಕಾಲುವೆಯ ನೀರಿನ ಸದ್ದು, ಒಳಗೆ ಅವ್ವನ ಉಸಿರು... ಅರ್ಧ ತಾಸಿಗೊಮ್ಮೆ ಕಣ್ಣು ತೆರೆದು ಕೇಳುವಳು: "ಎಲ್ಲಿಗಿ ಬಂದಾಳ?" ನಾನು ಅಟ್ಲಾಸಿನ ಮೇಲಿಟ್ಟ ದಾರದ ಗುಂಟ ಬೆರಳು ಸರಿಸಿ ಊರು, ದೇಶ ಹೇಳುವೆ. ಆ ಹೆಸರುಗಳು ಅವಳಿಗೆ ಅರ್ಥವಾಗುತ್ತಿರಲಿಲ್ಲ. ಬೆರಳು ಮುಂದೆ ಸರಿಯುವುದನ್ನು ನೋಡಿ ಸಮಾಧಾನ ಪಡುತ್ತಿದ್ದಳು.

ಒಂದು ಗಂಟೆಯ ಸುಮಾರಿಗೆ ಕಪ್ಪೆಗಳು ಒಮ್ಮೆಲೇ ನಿಂತವು.

ಆಮೇಲೆ ಆ ವಾಸನೆ... ಕಾಫಿಯದು. ಬಿಸಿ ಬಿಸಿ ಕಾಫಿ ಈಗ ತಾನೇ ಚೆಲ್ಲಿದ ಹಾಗೆ. ನಮ್ಮದು ಚಹಾದ ಮನೆ, ಕಾಫಿಪುಡಿ ಹೊಸ್ತಿಲು ದಾಟಿದ್ದೇ ಇಲ್ಲ. ಮಹಾದೇವಿ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಏನ್ರೀ ಇದು ವಾಸನಿ?"

ಅವ್ವ ಎಚ್ಚರವಾಗಿದ್ದಳು. ಹಾಸಿಗೆಯ ಅಂಚಿನಿಂದ ನೆಲದತ್ತ ಬಗ್ಗಿ, ಬಾವಿಯೊಳಗೆ ಇಣುಕುವವರ ಹಾಗೆ ನೋಡುತ್ತಿದ್ದಳು.

"ಎಲ್ಲಿಗಿ ಬಂದಾಳ?"

"ಅಫಘಾನಿಸ್ತಾನ ಯವ್ವಾ. ಗುಡ್ಡದ ಮ್ಯಾಲ ಬರಾಕತ್ಯಾಳ. ಇನ್ನ ಎರಡ ತಾಸು."

"ಗುಡ್ಡ ಅಲ್ಲೋ. ಕೆಳಗ ನೀರದ. ಕರ್ರನ ನೀರು... ನೀರಾಗ ಅಲ್ಲೊಂದು ಇಲ್ಲೊಂದು ಬೆಂಕಿ ನಿಂತದ."

ಇದು ಹೋಗುವವರ ಕಣ್ಣಿಗೆ ಕಾಣುವಂಥದ್ದೇ ಎಂದು ಹೆದರಿ ಅವಳನ್ನು ಸರಿಯಾಗಿ ಮಲಗಿಸಲು ಹೋದೆ. ಅವಳ ಬಲಗೈ ಮುಷ್ಟಿ ಕಟ್ಟಿತ್ತು. ಯಾರದೋ ಕೈ ಹಿಡಿದಂತೆ. ಮುಟ್ಟಿದರೆ ಮಂಜುಗಡ್ಡೆ.

"ಸುಜಿ ಸೊರಗ್ಯಾಳೋ," ಅಂದಳು ಮೆಲ್ಲಗೆ. "ಒಂದ ಸವನ ಅಳಾಕತ್ಯಾಳ. ಬಾಜೂಕಿನ ಮುದುಕಿ ಸಮಾಧಾನ ಮಾಡಾಕತ್ಯಾಳ. ಪಾಪ, ಮುದುಕಿಗಿ ಒಂದ ಬೆರಳಿಲ್ಲ."

ಮಹಾದೇವಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಗಡಿಯಾರ ನೋಡುತ್ತ ಕೂತೆ. ನನಗೆ ಬೇರೆ ಏನೂ ತಿಳಿಯಲಿಲ್ಲ.

ಎರಡೂವರೆಯ ಹೊತ್ತಿಗೆ ಉಸಿರು ಎಳೆಯಲು ಶುರುವಾಯಿತು. ಒಂದೊಂದು ಉಸಿರಿಗೂ ಅವಳ ಎದೆಗೂಡು ಮೇಲೆದ್ದು ಬೀಳುತ್ತಿತ್ತು. ಹೆತ್ತವಳು ಹಾಗೆ ಒದ್ದಾಡುವುದನ್ನು ನೋಡುವ ಕಷ್ಟ ಯಾರಿಗೂ ಬೇಡ.

ಮೂರು ಗಂಟೆ.

"ಇಳದಳು ಯವ್ವಾ. ಸುಜಿ ನೆಲಕ್ಕ ಇಳದಳು."

ಅವ್ವ ಅನುಮಾನದಿಂದ ನನ್ನನ್ನು ನೋಡಿದಳು. "ಇನ್ನ ನೀರು ಕಾಣಸ್ತದಲ್ಲೋ..."

ನನಗೆ ಸಿಟ್ಟು ಬಂತು. ಹೌದು, ಸಾಯುವ ತಾಯಿಯ ಮೇಲೆ ಸಿಟ್ಟು ಬಂತು. ನನ್ನ ಲೆಕ್ಕವನ್ನು ಅವಳು ಸುಳ್ಳು ಎಂದದ್ದು ಅದೇ ಮೊದಲು. "ನಾ ಲೆಕ್ಕ ಹಾಕಿ ಹೇಳಾಕತ್ತೀನಿ. ಇಳದಾಳ. ಕಾರಿನಾಗ ಕುಂತಾಳ. ನೀ ಸುಮ್ನ ಮಲಕ್ಕೋ."

ಅವಳ ಮುಖ ಸಡಿಲವಾಯಿತು. ಶಾಲೆಯಿಂದ ಮಕ್ಕಳು ಮನೆಗೆ ಮುಟ್ಟಿದರು ಎಂದು ಕೇಳಿದಾಗ ಆಗುತ್ತಿದ್ದ ಹಾಗೆ.

"ನೀ ಹೇಳ್ದಿ ಅಂದ್ರ ಖರೆ. ಹಂಗಾದ್ರ... ಬಿಡ್ಲೇನು?"

ಕೈ ಬಿಗಿ ಹಿಡಿದು ನೋಯುತ್ತಿರಬೇಕು ಎಂದುಕೊಂಡೆ. "ಬಿಡವ್ವಾ," ಅಂದೆ.

ಅವಳ ಬಲಗೈ ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಮುಂದಿನ ಉಸಿರಿಗೆ ಕಾದೆವು. ಬರಲಿಲ್ಲ. ಹೊರಗೆ ಕಪ್ಪೆಗಳು ಮತ್ತೆ ಕೂಗಲು ಶುರು ಮಾಡಿದವು.

ಬೆಳಗಿನ ಐದು ದಾಟಿದ ಮೇಲೆ ಕರೆಂಟು ಬಂತು. ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು. "ಅಣ್ಣಾ, ಈಗ ಇಳದೀನಿ. ಭಾಳ ತಡ ಆತು. ಅವ್ವ ಅದಾಳಲ್ಲ?"

ಫೋನನ್ನು ಮಹಾದೇವಿಯ ಕೈಗೆ ಕೊಟ್ಟೆ.

ಸುಜಾತಾ ಬಂದಾಗ ಹತ್ತೂವರೆ. ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಅವಳ ಬಿಳಿ ಶಾಲಿನ ಮೇಲೆ ಅಂಗೈ ಅಗಲದ ಕಂದು ಕಲೆ ಇತ್ತು. ಮಹಾದೇವಿ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮಣ್ಣಾದ ಮೇಲೆ ಸಂಜೆ ಮೂವರೇ ಕೂತಿದ್ದಾಗ ತಂಗಿ ತಾನಾಗಿಯೇ ಹೇಳತೊಡಗಿದಳು.

"ನಿನಗ ಫೋನ್ ಮಾಡಿ ಕಾಲು ತಾಸಿಗಿ ವಿಮಾನ ಏರಿತು, ಕಿವಿ ಗುಂಯ್ ಅಂದ್ವು. ಯಾವುದೋ ದೇಶದ ಮ್ಯಾಲ ಹೋಗಾಕ ಬಿಡಲಿಲ್ಲಂತಣ್ಣಾ. ಸುತ್ತ ಹಾಕ್ಕೊಂಡು ಸಮುದ್ರದ ಮ್ಯಾಲ ಬಂತು. ರಾತ್ರಿ ಕೆಳಗ ನೋಡಿದ್ರ ನೀರಾಗ ಬೆಂಕಿ. ಎಣ್ಣಿ ತಗಿಯೋ ಬಾವಿ ಅಂದ್ರು. ಬಾಜೂಕ ಒಬ್ಬ ಅಜ್ಜಿ ಇದ್ದಳು, ಭಾಳ ಛಲೋ. ಒಂದ ಬೆರಳಿರಲಿಲ್ಲ ಅಕೀಗಿ. ನನ್ನ ಮ್ಯಾಲ ಕಾಫಿ ಚೆಲ್ಲಿದಳು, ಆಮ್ಯಾಲ ದಾರಿ ತುಂಬ ನನ್ನ ಕೈ ಹಿಡಕೊಂಡೇ ಕುಂತಳು."

ಕಾಲುವೆ ರಾತ್ರೋರಾತ್ರಿ ದಾರಿ ಬದಲಿಸುವುದಿಲ್ಲ. ವಿಮಾನ ಬದಲಿಸುತ್ತದೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ನಾನು ಅಟ್ಲಾಸಿನ ಮೇಲೆ ದಾರ ಎಳೆದಿದ್ದೆ. ಅವ್ವ ದಾರಿಯನ್ನೇ ನೋಡುತ್ತಿದ್ದಳು.

ಸುಜಾತಾ ತನ್ನ ಎಡಗೈಯನ್ನು ನೋಡಿಕೊಂಡಳು. "ಅಜ್ಜಿ ಬಲಗೈ ಹಿಡಿದಿದ್ದಳು. ಈ ಕಡಿ ಬರೀ ಕಿಟಕಿ. ಆದ್ರೂ ಅಣ್ಣಾ, ಇಳಿಯೂಕಿಂತ ಎರಡ ತಾಸು ಮೊದಲ ಯಾರೋ ಈ ಕೈ ಬಿಟ್ಟಂಗಾತು. ಅಲ್ಲೀತನಕ ಹಿಡದಿದ್ರು ಅನ್ನೂದು ಬಿಟ್ಟಾಗ ಗೊತ್ತಾತು ನನಗ."

ಮಹಾದೇವಿ ಎದ್ದು ಒಳಗೆ ಹೋದಳು.

"ಕಡೀಕ ಅವ್ವ ಏನಂದಳಣ್ಣಾ?" ಎಂದು ಕೇಳಿದಳು ತಂಗಿ.

"ನಿನ್ನ ಹೆಸರು ತಗೊಂಡಳು," ಅಂದೆ. ನಿಜ ಹೇಳುವ ಧೈರ್ಯ ಇವತ್ತಿನವರೆಗೂ ಬಂದಿಲ್ಲ. ಇನ್ನೆರಡು ತಾಸು ಇದೆ ಎಂದಿದ್ದರೆ ಅವ್ವ ಎರಡು ತಾಸು ಜೀವ ಹಿಡಿದಿರುತ್ತಿದ್ದಳು. ಹತ್ತೂವರೆವರೆಗೂ ಹಿಡಿಯುತ್ತಿದ್ದಳೇನೋ. ಕೇಳಿದ್ದು ನನ್ನನ್ನು. ಬಿಡು ಅಂದವನು ನಾನು.

ಸಾವಿರಾರು ಮೈಲಿ ಆಚೆಯ ಮಗಳು ಅವಳಿಗೆ ಹೇಗೆ ಕಂಡಳೋ ನನಗೆ ಗೊತ್ತಿಲ್ಲ. ಅದನ್ನು ತಿಳಿಯುವ ಆಸೆಯೂ ಈಗ ಇಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದಾಗ ನನ್ನನ್ನು ಮತ್ತೆ ಮಲಗಲು ಬಿಡದ ಪ್ರಶ್ನೆ ಬೇರೆ. ಮಗಳು ಇನ್ನೂ ನೀರಿನ ಮೇಲಿರುವುದನ್ನು ಅವ್ವ ತನ್ನ ಕಣ್ಣಿನಿಂದ ನೋಡುತ್ತಿದ್ದಳು. ನೋಡುತ್ತ ನೋಡುತ್ತ, ನನ್ನ ಮಾತನ್ನು ಯಾಕೆ ನಂಬಿದಳು?