ಹಂಡೆ ಕೊಟ್ಟು ತಂದ ಕಂಪ್ಯೂಟರ್

ನಮ್ಮ ಮೊಮ್ಮಗಳು ಯಾದಗಿರಿಯಾಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಾಳ. ಇದನ್ನ ನಾನು ದಿನಕ್ಕ ಹತ್ತು ಮಂದಿಗೆ ಹೇಳ್ತೀನಿ. ಕೇಳಿದವರಿಗೂ ಹೇಳ್ತೀನಿ, ಕೇಳದವರಿಗೂ ಹೇಳ್ತೀನಿ. ಬಸ್ಸಿನಾಗ ಬಾಜೂ ಕೂತವರಿಗೆ ಮೊದಲು ಇದನ್ನ ಹೇಳಿ, ಆಮ್ಯಾಲೆ "ಜರಾ ಸರೀರಿ" ಅಂತೀನಿ. ಆದರ ಈಗ ಬರಿಯಾಕತ್ತಿದ್ದು ಬರೇ ಆಕಿ ಸುದ್ದಿ ಅಲ್ಲ. ಆಕಿ, ನಾನು, ಮತ್ತ ಒಂದು ಹಳೇ ಮಿಷಿನ್, ಮೂವರ ಸುದ್ದಿ.

ಒಂದು ಐತವಾರ ಆಕಿ ದೇವಾಪುರಕ್ಕ ನಮ್ಮ ಮನಿಗಿ ಬಂದಳು. ಚಪ್ಪಲಿ ಬಿಡೂದಕ್ಕ ಮೊದಲೇ ಮೊಬೈಲ್ ನನ್ನ ಮಾರಿ ಮುಂದ ಹಿಡಿದಳು.

"ಆಯಿ, ಸುರಪುರದ ಗುಜರಿ ಅಂಗಡ್ಯಾಗ ಒಂದು ವಿಚಿತ್ರ ನೋಡೀನಿ. ಕಂಪ್ಯೂಟರ್ ಅದ, ಕಂಪನಿ ಹೆಸರಿಲ್ಲ. ಹಿಂದ 'ನಮೂನೆ ೨' ಅಂತ ಕೈಲೆ ಕೆತ್ಯಾರ. ಎರಡು ದಿನ ಹುಡುಕೀನಿ, ಇಂಥಾದ್ದು ಎಲ್ಲೂ ಇಲ್ಲ."

"ನಮೂನೆ ಅಂದ್ರ?"

"ಮಾರಾಕ ಸಾವಿರಾರು ಮಾಡೂಕಿಂತ ಮೊದಲು, ನಡೀತದೋ ಇಲ್ಲೋ ನೋಡಾಕ ಒಂದೆರಡು ಮಾಡ್ತಾರಲ್ಲ, ಅದು. ಇಂಥಾವು ಯಾರ ಕೈಗೂ ಸಿಗೂದಿಲ್ಲ ಆಯಿ!"

ನಾನು ಚಸ್ಮಾ ಹಾಕ್ಕೊಂಡು ನೋಡಿದೆ. ದೊಡ್ಡ ಟ್ರಂಕಿನಂಥಾ ಬೂದಿಬಣ್ಣದ ಮಿಷಿನ್. ಅದರ ಮ್ಯಾಲೆ ಗುಜರಿಯಾಂವ ಚಾದ ಕೆಟಲಿ ಇಟ್ಟಾನ. ಬಲಗಡೆ ಮೂಲ್ಯಾಗ ಹಳದಿ ಕಲೆ, ಐದು ಬೆರಳಿಂದು. ಆ ಬೆರಳು ನನ್ನವು.

"ಇದು ನಮ್ಮ ಕಾಲುವಿ ಕ್ಯಾಂಪಿನ ಮಿಷಿನ್!"

ಹೊರಸಿನ ಮ್ಯಾಲೆ ಮಲಗಿದ್ದ ನಮ್ಮ ಮನಿಯವರು ಕಣ್ಣು ತೆರೀದೇನೇ ಅಂದರು, "ನಿಮ್ಮಾಯಿಗೆ ಕಂಡಿದ್ದೆಲ್ಲಾ ತನ್ನದೇ. ಹ್ವಾದ ವರ್ಷ ಶಹಾಪುರ ಬಸ್ ಸ್ಟ್ಯಾಂಡಿನಾಗ ಯಾರದೋ ಛತ್ರಿ ನಂದಂತ ಹೊತ್ಕೊಂಡು ಬಂದಾಳ."

ಛತ್ರಿ ಮಾತು ಬ್ಯಾರೆ. ಈ ಮಿಷಿನ್ ನಾನು ಮರಿಯೂ ಹಂಗಿರಲಿಲ್ಲ. ಯಾಕಂದ್ರ ಅದು ನನ್ನ ಕೈಲೇ ಸತ್ತದ ಅಂತ ನನಗೊಬ್ಬಾಕಿಗೇ ಗೊತ್ತಿತ್ತು. ಇಷ್ಟು ವರ್ಷ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ, ಬಾಜೂ ಮಲಗೂ ಈ ಮನಷ್ಯಾನ ಮುಂದೂ.

ಅರ್ಧ ಕಾಲುವಿಗಿ ನೀರು ಬಿಟ್ಟು ಇನ್ನರ್ಧ ಅಗಿಯೂ ಕಾಲಕ್ಕ ಶಹಾಪುರಕ್ಕೂ ಸುರಪುರಕ್ಕೂ ನಡುವ ಒಂದು ಕ್ಯಾಂಪ್ ಇತ್ತು. ಅಲ್ಲಿ ಆಫೀಸಿನಾಗ ಕಸ ಹೊಡೆಯೂದು, ಚಾ ಮಾಡೂದು ನನ್ನ ಕೆಲಸ. ನಮ್ಮ ಮನಿಯವರು ಕಾಲುವಿ ಗೇಟ್ ಮ್ಯಾಲೆ ಇದ್ದರು. ದಿನಾ ಮುಂಜಾನೆ ಗೇಟಿನವರು ಆಫೀಸಿಗೆ ಫೋನ್ ಮಾಡಿ, ಇವತ್ತು ಎಷ್ಟು ಫೂಟ್ ನೀರದ ಅಂತ ಹೇಳಬೇಕು. ಅದನ್ನೆಲ್ಲಾ ಸಾಹೇಬ್ರು ದೊಡ್ಡ ಹಾಳ್ಯಾಗ ಬರೀತಿದ್ದರು. ಸಾಹೇಬ್ರು ಮೈಸೂರು ಕಡೆಯವರು, ಮಾತು ಅಗದೀ ಮೆತ್ತಗ. ಅವರು ಬೈದರೂ ನಮಗ ಹೊಗಳಿದಂಗ ಕೇಳ್ತಿತ್ತು.

ಒಂದಿನ ಜೀಪಿನಾಗ ಹುಲ್ಲು ತುಂಬಿದ ಪೆಟ್ಟಿಗಿ ಬಂತು. ಒಳಗ ಈ ಮಿಷಿನ್. ನೀರಿನ ಲೆಕ್ಕ ಇನ್ನ ಇದೇ ಇಡ್ತದ, ಅದೂ ಕನ್ನಡದಾಗ, ಇಲ್ಲಿ ಛಲೋ ನಡದ್ರ ಎಲ್ಲಾ ಕ್ಯಾಂಪಿಗೂ ಒಂದೊಂದು ಕೊಡ್ತಾರ ಅಂತ ಹೇಳಿದರು. ಅದಕ್ಕೊಂದು ಕೋಲಿ ಖಾಲಿ ಮಾಡಿ, ಕಿಡಕಿಗಿ ಪಡದೆ ಹಾಕಿ, ಬಾಗಲಾಗ "ಚಪ್ಪಲಿ ಹೊರಗೆ ಬಿಡಿ" ಅಂತ ಬೋರ್ಡ್ ಹಾಕಿದರು. ಧೂಳು ಹೋಗಬಾರದಂತ ಹಾಕಿದ್ದು. ನಮ್ಮ ಮಂದಿಗೆ ಚಪ್ಪಲಿ ಬಿಡೂ ಜಾಗ ಅಂದ್ರ ಗೊತ್ತಲ್ಲ, ಎರಡೇ ದಿನಕ್ಕ ಬಾಗಲಾಗ ನಿಂತು ಕೈ ಮುಗಿಯಾಕ ಚಾಲೂ ಮಾಡಿದರು.

ಅದನ್ನ ಒರಸೂ ಕೆಲಸ ನಂದು. ಮುಂದ ಒಂದು ಹಲಗಿ, ಅದರಾಗ ಸಾಲಾಗಿ ಗುಂಡಿ, ಒಂದೊಂದು ಗುಂಡಿ ಮ್ಯಾಲೆ ಒಂದೊಂದು ಅಕ್ಷರ. ನಾನು ಸಾಲಿಗಿ ಹೋಗಿದ್ದು ನಾಲ್ಕು ತಿಂಗಳು. ಅದೂ ಮಾಸ್ತರರ ಮನಿ ನೀರು ತುಂಬೂದ್ರಾಗೇ ಹೋತು. ಒಂದಿನ ಒರಸ್ತಾ ಒರಸ್ತಾ "ಇದೇನ್ರಿ ಸಾಹೇಬ್ರ?" ಅಂತ ಕೇಳಿದೆ. "ಬ" ಅಂದರು. ಮರುದಿನ ಬಾಜೂದು ಕೇಳಿದೆ. "ಹ" ಅಂದರು. ಹಿಂಗ ದಿನಕ್ಕೊಂದು ಅಕ್ಷರ. ಎಲ್ಲಾರೂ ಅ ಆ ಇ ಈ ಅಂತ ಕಲಿತರ ನಾನು "ಬ ಹ ಗ ದ ಜ ಡ, ಪ ರ ಕ ತ ಚ ಟ" ಅಂತ ಕಲಿತೆ. ಇವತ್ತಿಗೂ ನನ್ನ ವರ್ಣಮಾಲಿ ಬ ಅಕ್ಷರದಿಂದಾನೇ ಚಾಲೂ ಆಗ್ತದ. ರೊಟ್ಟಿ ಬಡಿಯೂ ಮುಂದ ಇದನ್ನೇ ಹಾಡ್ತಿದ್ದೆ, ಬಡಿತಕ್ಕ ಚಂದ ಕೂಡ್ತದ.

ಅಕ್ಷರ ಕಲಿಸಿದ ಗುಂಡಿ ಅಂತ ನಾನು ಅವನ್ನ ಭಾಳ ಪ್ರೀತೀಲೆ ತಿಕ್ಕತಿದ್ದೆ. ಅರಿವಿ ಸಾಲಲಿಲ್ಲಂತ ಒಲಿ ಬೂದಿ ತಂದು ತಿಕ್ಕಿದೆ. ಚರಗಿ ಹೆಂಗ ಬೆಳಗ್ತೀವಿ, ಹಂಗ. ಒಂದು ವರ್ಷದಾಗ ಅರ್ಧ ಅಕ್ಷರ ಮಾಯ! ಸಾಹೇಬ್ರು ತಲಿ ಮ್ಯಾಲೆ ಕೈ ಇಟ್ಕೊಂಡು, "ಏನಮ್ಮಾ ಇದು, ಇನ್ಮೇಲೆ ನಾನು ನಿನ್ನನ್ನೇ ಕೇಳಿ ಒತ್ತಬೇಕಲ್ಲ!" ಅಂದರು. ಖರೇನೂ ಹಂಗೇ ಆತು. "ಲ ಎಲ್ಲಿದೆಯಮ್ಮ?" ಅಂತ ಕೂಗ್ತಿದ್ದರು, ನಾನು ಚಾ ಸೋಸ್ತಾ ಅಡಗಿ ಕೋಲಿಯಿಂದ್ಲೇ "ಕೆಳಗಿನ ಸಾಲು ರಿ, ವ ಬಾಜೂಕ" ಅಂತಿದ್ದೆ.

ಹಂಗೇ ಒಂದು ದಸರಾ ಬಂತು. ಆಫೀಸಿಗೆ ಸೂಟಿ, ಸಾಹೇಬ್ರು ಊರಿಗೆ ಹೋಗಿದ್ದರು, ಕೀಲಿ ನನ್ನ ಹತ್ರ. ಸಂಜಿಗಿ ಕ್ಯಾಂಪಿನ ಮಂದಿ ಎಲ್ಲಾ ಒಬ್ಬರಿಗೊಬ್ಬರು ಬನ್ನಿ ಎಲಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ" ಅಂತ ಕಾಲಿಗಿ ಬಿದ್ದಿವಿ. ಲಾರಿಗೆ ಕೊಟ್ಟಿವಿ, ಗುದ್ದಲಿಗಿ ಕೊಟ್ಟಿವಿ. ಆಗ ನನಗ ನೆನಪಾತು, ಕೋಲ್ಯಾಗ ಒಬ್ಬಾಕಿ ಕೂತಾಳ, ಅಕ್ಷರ ಕಲಿಸಿದಾಕಿ, ಆಕಿಗಿ ಯಾರೂ ಬನ್ನಿ ಕೊಟ್ಟಿಲ್ಲ. ಓಡಿ ಹೋಗಿ ಅರಿಶಿಣದ ಕೈಲೇ ಬಾಗಲಾ ತೆಗದು, ಅದರ ಮಾರ್‍ಯಾಗ ಒಂದು ಸೀಳು ಬಾಯಿ ಇತ್ತಲ್ಲ, ಫ್ಲಾಪಿ ಅನ್ನೂ ತೆಳ್ಳನ ತಟ್ಟಿ ತುರಕೂ ಬಾಯಿ, ಅದರಾಗ ಒಂದು ಮುಷ್ಟಿ ಬನ್ನಿ ತುರಕಿ, ಮೂಲಿ ಹಿಡಿದು ಹಣಿ ಹಚ್ಚಿ ಬಂದೆ.

ಸೂಟಿ ಮುಗದು ಸಾಹೇಬ್ರು ಬಂದು ಚಾಲೂ ಮಾಡಿದರ ಮಿಷಿನ್ ಏಳಲಿಲ್ಲ.

ಕಂಪನಿಯವರು ಬಂದರು, ನೋಡಿದರು, ಇಂಗ್ಲೀಷಿನಾಗ ಏನೇನೋ ಅಂದರು. ನಮೂನೆ ಫೇಲ್ ಅಂತ ಬರ್ಕೊಂಡು ಹೋದರು. ಯಾವ ಕ್ಯಾಂಪಿಗೂ ಇನ್ನ ಅದು ಬರೂದಿಲ್ಲಂತ ಗೊತ್ತಾತು. ಸಾಹೇಬ್ರು ಒಂದು ವಾರ ಚಾ ಆರಿಸಿ ಆರಿಸಿ ಕುಡದರು. ಅವರು "ಬಾಮ್ಮಾ ಇಲ್ಲಿ" ಅಂತ ಕರದರ ನಾನು ಕಸಬರಿಗಿ ತಗೊಂಡು ಹಿತ್ತಲಕ್ಕ ಓಡ್ತಿದ್ದೆ. ಎಲಿ ಯಾರು ತುರಕಿದ್ದು ಅಂತ ಕೇಳಿಬಿಟ್ಟರ? ಮುಂದ ಅವರಿಗೆ ವರ್ಗ ಆತು. ಮಿಷಿನ್ ಗೋದಾಮಿಗೆ ಹೋಗಿ ಸಿಮೆಂಟ್ ಚೀಲದ ಕೆಳಗ ಮಲಗಿತು.

ಇಷ್ಟು ಸುದ್ದಿ ಹೊಟ್ಯಾಗ ಇಟ್ಕೊಂಡು ನಾನು ಮೊಮ್ಮಗಳಿಗಿ ಅಂದೆ, "ನಡಿಯವ್ವ, ಈಗಲೇ ಹೋಗೂಣು."

ಗುಜರಿಯಾಂವ ಭಾರಿ ಶಾಣ್ಯಾ. ನಾವು ಹಾತೊರದಿದ್ದು ನೋಡಿ ಕೆಟಲಿ ಮ್ಯಾಲೆ ಕೈ ಇಟ್ಟು ಅಂದ, "ಇದು ಮಾರಾಕಿಲ್ಲ ಯವ್ವಾ. ಇದರ ಮ್ಯಾಲೆ ಇಟ್ಟರ ಚಾ ಅಳಗಾಡೂದಿಲ್ಲ."

"ಅಳಗಾಡದಂಥಾದ್ದು ನಾ ಬ್ಯಾರೆ ಕೊಡ್ತೀನಿ ತಗೋ."

"ಏನ್ ಕೊಡ್ತಿ?"

"ನನ್ನ ಲಗ್ನದ ಹಿತ್ತಾಳಿ ಹಂಡೆ. ಬೋರಲು ಹಾಕಿ ಕೆಟಲಿ ಇಡು, ಇಲ್ಲಾ ನೀನೇ ಅದರಾಗ ಕೂಡು."

ಅಂವ ಹೊಟ್ಟಿ ಹಿಡ್ಕೊಂಡು ನಕ್ಕ. ಸೌದಾ ಆತು. ಮನಿಗಿ ಬಂದು ಹಂಡೆ ಹೊತ್ತುಕೊಂಡು ಹೊಂಟರ ನಮ್ಮ ಮನಿಯವರು ಎದ್ದು ಕೂತರು. "ಏ ಮುದುಕಿ, ನೀರು ಕಾಸೂ ಹಂಡೆ ಕೊಟ್ಟು ನೀರಿನ ಲೆಕ್ಕದ ಮಿಷಿನ್ ತರ್ತಿಯಾ? ನಾಳೆ ನನಗ ಜಳಕ ಅದರಾಗ ಮಾಡಸ್ತಿಯೇನು?"

"ನೀವು ಜಳಕಾ ಮಾಡೂದು ಐತವಾರಕ್ಕೊಮ್ಮೆ. ಸುಮ್ಕ ರುಮಾಲು ಸುತ್ತಿಕೊಂಡು ಬರ್ರಿ, ಹೊರಾಕ ಒಬ್ಬರು ಬೇಕು."

ಮಿಷಿನ್ನಿಗೆ ನನ್ನ ಕೌದಿ ಹೊಚ್ಚಿ ಬಸ್ಸಿಗೆ ಹಾಕಿದಿವಿ. ಕಂಡಕ್ಟರ್ ಕೌದಿ ಎತ್ತಿ ನೋಡಿ, "ಆಯಿ, ಇದೇನಿದು?" ಅಂದ. "ನನ್ನ ಸಾಲಿ ಮಾಸ್ತರಿಣಿ" ಅಂದೆ. ಅಂವ ನಗ್ತಾ ಮುಂದ ಹೋದ. ಶಹಾಪುರದ ಗುಡ್ಡ ಕಿಡಕ್ಯಾಗ ಬಂತು, ದಿನಾ ಮಲಗಿದಂಗ ಕಾಣೂ ಗುಡ್ಡ ಅವತ್ತು ಮಗ್ಗಲಾ ಬದಲಿಸಿ ನಮ್ಮನ್ನ ನೋಡಾಕತ್ತದ ಅನಸಿತು. ಖುಷಿ ಆದರ ನನಗ ಹಿಂಗೇ ಏನೇನೋ ಕಾಣ್ತದ.

ಯಾದಗಿರಿ ಅಂಗಡ್ಯಾಗ ಮೊಮ್ಮಗಳು ಸ್ಕ್ರೂ ಬಿಚ್ಚಾಕ ಕೂತಳು. ಆಕಿ ಸಣ್ಣ ಬ್ರಶ್ ತಗೊಂಡು ಧೂಳು ಸರಸೂದು ನೋಡಿದರ ಕೂಸಿನ ಕಿವಿ ಒರಸಿದಂಗ. ನನಗ ತಡೀಲಾರದೆ ಹೋತು. ಒಳಗಿಂದು ಆಕಿ ಕಣ್ಣಿಗೆ ಬೀಳೂದಕ್ಕ ಮೊದಲೇ ಎಲ್ಲಾ ಒದರಿಬಿಟ್ಟೆ. ಬನ್ನಿ, ಸೀಳು ಬಾಯಿ, ಸಾಹೇಬ್ರು, ಹಿತ್ತಲ, ಎಲ್ಲಾ. ಕಡೀಕ "ನಾನೇ ಇದನ್ನ ಕೊಂದೀನವ್ವ" ಅಂದೆ.

ಆಕಿ ಬ್ರಶ್ ಕೆಳಗಿಟ್ಟಳು. ನಮ್ಮ ಮನಿಯವರು ಮಾತ್ರ ಸ್ಟೂಲಿನ ಮ್ಯಾಲಿಂದ ಬೀಳೂ ಹಂಗ ನಕ್ಕರು. "ಮಿಷಿನ್ನಿಗೆ ಎಲಿ ತಿನಿಸೀದಿ! ಅದೇನು ಆಡಿನ ಮರಿಯೇನಲೇ?"

"ಮುತ್ಯಾ, ಸುಮ್ನಿರು" ಅಂತ ಗದರಿಸಿ ಆಕಿ ಸೀಳು ಬಾಯಾಗ ಬ್ಯಾಟರಿ ಬೆಳಕು ಬಿಟ್ಟು ನೋಡಿದಳು. "ಆಯಿ, ಇಲ್ಲಿ ಒಂದು ಎಲಿನೂ ಇಲ್ಲ."

ಇಲ್ಲ ಅಂದ್ರ? ನಾನೇ ತುರಕೀನಿ!

ಆಕಿ ಇನ್ನೊಂದು ತಗಡಾ ಎತ್ತಿದಳು. ಅದರ ಒಳಮೈಗೆ ಒಂದು ಪಾಕೀಟ ಅಂಟಿಸಿದ್ದರು. ಒಳಗ ಒಣಗಿದ ಬನ್ನಿ, ಒಂದು ಮುಷ್ಟಿ. ಜೋಡೀಲೆ ಒಂದು ಚೀಟಿ. ಮೊಮ್ಮಗಳು ಓದಾಕ ಹೋದಳು, ನಾನು ಕಸ್ಕೊಂಡೆ. ನನಗ ಓದಾಕ ಬರ್ತದ, ಈ ಮಿಷಿನ್ನೇ ಕಲಿಸ್ಯಾದ. ಒಂದೊಂದೇ ಅಕ್ಷರ ಹಿಡಿದು ಓದಿದೆ.

"ಯಂತ್ರಕ್ಕೆ ಬನ್ನಿ ಕೊಟ್ಟವರು ಯಾರೆಂದು ನನಗೆ ಗೊತ್ತು. ಹಳದಿ ಕೈ ಗುರುತು ಇದೆ. ಯಂತ್ರ ಕೆಟ್ಟಿರುವುದು ಎಲೆಯಿಂದಲ್ಲ, ಹಬ್ಬದ ದಿನ ಕರೆಂಟು ಏರಿ ಬಂದದ್ದರಿಂದ. ಆಕೆಗೆ ಹೇಳೋಣವೆಂದರೆ ಕೈಗೇ ಸಿಗುತ್ತಿಲ್ಲ. ಮುಂದೆ ಯಾರಾದರೂ ರಿಪೇರಿ ಮಾಡಿದರೆ ಎಲೆಗಳನ್ನು ಬಿಸಾಡಬೇಡಿ."

ನಾನು ಅತ್ತೆನೋ ನಕ್ಕೆನೋ, ಎರಡೂ ಒಮ್ಮೆಲೇ ಬಂದರ ಅದಕ್ಕೇನಂತಾರ? ಸೆರಗು ಬಾಯಿಗಿ ಹಿಡ್ಕೊಂಡು ಕೂತೆ. ಆ ಒಳ್ಳೇ ಮನಷ್ಯಾ ಇದನ್ನ ಹೇಳಾಕೇ ಕರೀತಿದ್ದರು, ನಾನು ಕಸಬರಿಗಿ ತಗೊಂಡು ಓಡಿದ್ದೇ ಓಡಿದ್ದು!

ಮೊಮ್ಮಗಳು ಕರೆಂಟಿನ ಡಬ್ಬಿ ತೆಗದು ತೋರಿಸಿದಳು. ಬೆರಳಿನಷ್ಟು ದಪ್ಪ ಒಂದು ಗುಂಡನ್ನದು ಹೊಟ್ಟಿ ಉಬ್ಬಿ ಒಡದಿತ್ತು, ಸುತ್ತ ಕರ್‍ರಗ. "ನೋಡು ಆಯಿ, ನಿನ್ನ ಎಲಿಯಲ್ಲ, ಇದು." ಮೂರು ವಾರ ಹಿಡೀತು. ಆ ಭಾಗ ಹೊಸಾದು ಹಾಕಿದಳು, ಹಸರು ಕಿಲಬು ಹಿಡಿದ ತಂತಿ ಕೆರದಳು, ಮತ್ತೇನೇನೋ ಬೆಸದಳು. ನಾನು ದಿನಾ ಬಸ್ ಹತ್ತಿ ಹೋಗಿ ಬಾಜೂಕ ಕೂಡ್ತಿದ್ದೆ. ಆಕಿ "ಆಯಿ, ಉಸಿರು ಬಿಡಬ್ಯಾಡ, ಧೂಳು ಏಳ್ತದ" ಅಂದರ ಉಸಿರೂ ಬಿಡ್ತಿರಲಿಲ್ಲ.

ಚಾಲೂ ಮಾಡೂ ದಿನ ನಮ್ಮ ಮನಿಯವರೂ ಬಂದರು, ಧೋತರ ಇಸ್ತ್ರಿ ಮಾಡಿಸ್ಕೊಂಡು. ಮೊಮ್ಮಗಳು ಬಟನ್ ಒತ್ತಿದಳು. ಏನೂ ಇಲ್ಲ. ನೂರರ ಮ್ಯಾಲೆ ಎಣಿಸಾಕ ಬರ್ತಿದ್ದರ ಎಣಿಸ್ತಿದ್ದೆ, ಅಷ್ಟೊತ್ತು ಏನೂ ಇಲ್ಲ. ಆಮ್ಯಾಲೆ ಒಳಗ ಗುಂಯ್ ಅಂತು. ಗಾಜಿನ ಪಡದ್ಯಾಗ ಸಜ್ಜಿ ಪೈರಿನಂಥಾ ಹಸರು ಬೆಳಕು ಬಂತು, ಅದರಾಗ ಅಕ್ಷರ ಮೂಡಿದವು. ಕನ್ನಡದಾಗ!

ನಾನು ಗಟ್ಟಿಯಾಗಿ ಓದಿದೆ, "ಇಂದು ನೀರು ಎಷ್ಟು ಅಡಿ?"

ನಮ್ಮ ಮನಿಯವರು ಸ್ಟೂಲಿನಿಂದ ಎದ್ದು ನಿಂತರು. ಗೇಟ್ ಬಿಟ್ಟು ಎಷ್ಟು ವರ್ಷ ಆದವು! ಆದರೂ ಕೈ ಕಟ್ಟಿಕೊಂಡು, ಮಿಷಿನ್ನಿಗೇ ಅಂದರು, "ಮೂರೂವರಿ ಫೂಟ್ ಅದ ರೀ ಸಾಹೇಬ್ರ."

ಮೊಮ್ಮಗಳು ಹಲಗಿ ನೋಡಿದಳು, ಗುಂಡಿ ಮ್ಯಾಲೆ ಅಕ್ಷರ ಒಂದೂ ನೆಟ್ಟಗ ಉಳದಿಲ್ಲ. "ಯಾವುದು ಯಾವುದು ಆಯಿ?"

"ಸರಿ ಅತ್ತಾಗ" ಅಂದೆ. ಬ ಹ ಗ ದ ಜ ಡ, ಪ ರ ಕ ತ ಚ ಟ. ಬೆರಳು ತಾವೇ ಹೋದವು. "ಮೂರೂವರಿ" ಅಂತ ಬರದೆ.

ಮಿಷಿನ್ ಕಿರಕ್ ಅಂದು ಉತ್ತರ ಕೊಟ್ಟಿತು, "ತಪ್ಪು. ಅಂಕಿಯಲ್ಲಿ ಬರೆಯಿರಿ."

"ನೋಡ್ರಿ" ಅಂದೆ ನಮ್ಮ ಮನಿಯವರಿಗೆ, "ಜೀವಂತ ಅದ. ಬೈಯಾಕತ್ತದ!"