ಕಂಸಾಳೆ ಮಾವನ ಹೆಬ್ಬೆರಳು

ಮೊನ್ನೆ ಕೊಳ್ಳೇಗಾಲದಲ್ಲಿ ಅಮ್ಮನಿಗೆ ಚಪ್ಪಲಿ ಕೊಳ್ಳಲು ಹೋಗಿದ್ದೆ. ಸಕ್ಕರೆ ಕಾಯಿಲೆಯವರು ಹಾಕಿಕೊಳ್ಳುವ, ಅಡಿ ಮೆತ್ತಗಿರುವ ಎಂಸಿಆರ್ ಚಪ್ಪಲಿ. ಅಂಗಡಿಯವನು ಡಬ್ಬ ಬಿಚ್ಚಿದ ಕೂಡಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆಗೆ ಬೇರೆಯವರಿಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಸಿಟ್ಟು ಬರುತ್ತದೆ.

ಮುಳ್ಳೂರಿನ ಕಡೆಯ ನಮ್ಮ ಊರಿನಲ್ಲಿ ಪಕ್ಕದ ಮನೆಯವರು ಕಂಸಾಳೆ ಮಾವ. ನಂಟೇನೂ ಇಲ್ಲ, ಮಾತು ಬಂದಾಗಿನಿಂದ ಮಾವ ಅಂತಲೇ ಕರೆದು ರೂಢಿ. ಮಾದಪ್ಪನ ಹೆಸರಲ್ಲಿ ದೀಕ್ಷೆ ಪಡೆದ ದೇವರ ಗುಡ್ಡರು. ಬೀಸು ಕಂಸಾಳೆಯಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಕಾಲ್ಬೆರಳುಗಳ ಮೇಲೆ ಕುಕ್ಕರಗಾಲಲ್ಲಿ ಕೂತು, ಕೂತಂತೆಯೇ ಗಿರ್ರನೆ ಸುತ್ತಿ, ಎದ್ದು ನೆಗೆದು, ಮತ್ತೆ ಅದೇ ಬೆರಳುಗಳ ಮೇಲೆ ಇಳಿಯುತ್ತಿದ್ದರು. ಮನೆಯಲ್ಲಿ ಮಾತು ಕಡಿಮೆ, ಅವರ ಹೆಂಡತಿ, ನಮ್ಮ ಅತ್ತೆ, ಏನು ಕೇಳಿದರೂ ಅರ್ಧ ಉತ್ತರ. ಕಂಸಾಳೆ ಕೈಗೆ ಬಂದರೆ ಮಾತ್ರ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದರು...

ಮೊದಲೆಲ್ಲ ಕುಣಿತ ಮಣ್ಣಿನ ಅಂಗಳದಲ್ಲಿ. ಆಮೇಲೆ ಸರ್ಕಾರಿ ಕಾರ್ಯಕ್ರಮ ಬಂತು, ದೊಡ್ಡವರ ಮೆರವಣಿಗೆ ಬಂತು, ಕಾಂಕ್ರೀಟು ರಸ್ತೆ, ಕಾದ ಟಾರು ಬಂತು. ಜೀಪಿನಲ್ಲಿ ಕೂತವರಿಗೆ ನೆರಳು, ಅದರ ಮುಂದೆ ಬರಿಗಾಲಲ್ಲಿ ನೆಗೆಯುವವರಿಗೆ ಬಿಸಿಲು. ಅಂಥದ್ದೊಂದು ಮೆರವಣಿಗೆ ಮುಗಿಸಿ ಬಂದ ಮಾವ ಬಲಗಾಲು ಎಳೆಯುತ್ತಿದ್ದರು. ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಊರಿದರೆ ಜೀವ ಹೋಗುವಂಥ ನೋವು. ಆಣಿ ಇರಬೇಕೆಂದು ಗೇರೆಣ್ಣೆ ಕಾಯಿಸಿ ಸುಟ್ಟರು. ಆಣಿಯೇ ಇಲ್ಲದ ಜಾಗವನ್ನು! ಚರ್ಮ ಬೆಂದಿತು, ನೋವು ಹಾಗೇ ಉಳಿಯಿತು.

ನಾನಾಗ ಕೊಳ್ಳೇಗಾಲದಲ್ಲಿ ಡಿಗ್ರಿ ಓದುತ್ತಿದ್ದೆ. "ನೀನೂ ಜತ್ಗೆ ಬಾವ್ವ, ಡಾಕ್ಟ್ರು ಯೋಳಾದು ನಮ್ಗೆ ತಿಳ್ಯಕಿಲ್ಲ" ಅಂತ ಅತ್ತೆ ಕರೆದರು. ಮೂಳೆ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಹೆಬ್ಬೆರಳ ಬುಡದ ಕೆಳಗೆ ಅವರೆಕಾಳಿನಷ್ಟೇ ಇರುವ ಎರಡು ಮೂಳೆಗಳಂತೆ. ಮೈಭಾರ ಬೆರಳಿನ ಮೇಲೆ ಬಿದ್ದಾಗ ತಡೆದುಕೊಳ್ಳುವುದು ಅವೇ ಅಂತೆ. ಅದರಲ್ಲೊಂದು ಬಿರುಕು ಬಿಟ್ಟಿತ್ತು. ಕೆಲವು ತಿಂಗಳು ಕುಣಿಯಬಾರದು, ಬರಿಗಾಲಲ್ಲಿ ನಡೆಯಲೇಬಾರದು, ಮನೆಯೊಳಗೂ ದಪ್ಪ ಅಡಿಯ ಚಪ್ಪಲಿ ಬೇಕು ಅಂದರು. ಮಾವ ಕೇಳಿದ್ದು ಒಂದೇ.

"ಆಮೇಕೆ ಕುಣೀಬೌದಾ ಸಾ?"

ಈಗ ಸುಮ್ಮನಿದ್ದರೆ ಆಮೇಲೆ ಕುಣಿಯಬಹುದು ಅಂತ ಡಾಕ್ಟರು ಹೇಳಿದರು.

ಮಾವ ಸುಮ್ಮನಿದ್ದರು. ಅಂಥ ಮನುಷ್ಯ, ಹಟ ಹಿಡಿದು ಸುಮ್ಮನಿದ್ದರು. ರಬ್ಬರಿನ ವಾಸನೆ ಹೋಗದ ಹೊಸ ಚಪ್ಪಲಿ ಹಾಕಿಕೊಂಡು ಜಗಲಿಯ ಮೇಲೆ ಕೂತು ಕೈಯಲ್ಲಷ್ಟೇ ತಾಳ ಹಾಕುತ್ತಿದ್ದರು. ನೋವು ಇಳಿಯತೊಡಗಿತ್ತು ಕೂಡ. ಸುಮ್ಮನಿರಲಾಗದೆ ಒದ್ದಾಡಿದ್ದು ಊರು. ಒಂದು ಸಂಜೆ ಮಾವ ಕುಣಿಯುತ್ತಿದ್ದ ಕಂಸಾಳೆ ಮೇಳದ ಯಜಮಾನರು ಜಗಲಿಯ ಮುಂದೆ ಬಂದು ನಿಂತರು.

"ಕಂಸಾಳೆ ಇಡ್ಕಂಡು ಎಕ್ಡ ಮೆಟ್ಕಂಡು ಕುಂತಿದ್ದೀಯಲ್ಲ ಲೇ, ಮಾದಪ್ಪ ಸುಮ್ನೆ ಬುಟ್ಟಾನಾ? ಅದ್ಕೇ ಕಾಲು ಇಡ್ಕಂಡಿರಾದು. ತೆಪ್ಪು ಕಾಣ್ಕೆ ಕಟ್ಟಿ, ಬರಿಗಾಲಲ್ಲಿ ಬೆಟ್ಟಕ್ಕೆ ನಡ್ಕಂಡು ಓಗ್ಬಾ. ಇಲ್ದಿದ್ರೆ ಮೇಳಕ್ಕೆ ಸೇರ್ಸಕಿಲ್ಲ."

ಕಾಲು ಕೆಟ್ಟದ್ದು ಮೊದಲೋ, ಚಪ್ಪಲಿ ಬಂದದ್ದು ಮೊದಲೋ? ಇಷ್ಟನ್ನು ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ನಾನು ಕೇಳಿದೆ. ದೇವರ ವಿಷಯದಲ್ಲಿ ಹೆಣ್ಣುಮಕ್ಕಳು ಬಾಯಿ ಹಾಕಬಾರದು ಅಂತ ನನ್ನನ್ನೇ ಗದರಿದರು. ತನ್ನ ಪಾಡಿಗೆ ಹುಲಿಯ ಮೇಲೆ ಕೂತು ತಿರುಗಿದ ದೇವರು ಮೂಳೆ ಬಿರುಕು ಬಿಟ್ಟವನನ್ನು ಬೆಟ್ಟಕ್ಕೆ ನಡೆಸುತ್ತಾನೆಯೇ? ಯಾರ ಮಾತನ್ನು ಯಾರ ಹೆಸರಲ್ಲಿ ಹೇಳುತ್ತಾರೆ ಈ ಜನ!

ಮೇಳ ಕೈಬಿಟ್ಟುಹೋಗುತ್ತದೆಂಬ ಭಯಕ್ಕೆ ಮಾವ ಹೊರಟರು. ಹನೂರಿನವರೆಗೆ ಹೇಗೋ ನಡೆದರಂತೆ. ಕೌದಳ್ಳಿ ಬರುವಷ್ಟರಲ್ಲಿ ಕಾಲು ಊದಿ, ಬೆರಳು ನೆಲಕ್ಕೆ ತಾಗಿಸಲಾಗದೆ, ಹಿಮ್ಮಡಿಯ ಮೇಲೇ ಹೆಜ್ಜೆ ಇಟ್ಟರಂತೆ. ಜೊತೆಗಿದ್ದವರು ಉಘೇ ಉಘೇ ಅಂದರೇ ಹೊರತು ಒಬ್ಬರೂ ಕೈ ಹಿಡಿದು ಬಸ್ಸು ಹತ್ತಿಸಲಿಲ್ಲ. ಆ ದಾರಿಯಲ್ಲಿ ಬಸ್ಸಿಗೇನು ಬರವೇ... ಬೆಟ್ಟದಿಂದ ವಾಪಸು ಬಂದದ್ದು ಮಾತ್ರ ಯಾರದೋ ಟೆಂಪೋದಲ್ಲಿ, ಮಲಗಿಕೊಂಡು.

ಆ ಪುಟ್ಟ ಮೂಳೆಗೆ ರಕ್ತ ಹರಿಯುವುದೇ ನಿಂತಿದೆ, ಪುಡಿಯಾಗಿದೆ ಅಂತ ಮೈಸೂರಿನ ಡಾಕ್ಟರು ಹೇಳಿದರು. ಆಪರೇಷನ್ ಮಾಡಿ ತೆಗೆದರು. ನೋವೇನೋ ತಗ್ಗಿತು. ಆದರೆ ಹೆಬ್ಬೆರಳು ಪಕ್ಕಕ್ಕೆ ವಾಲಿತು, ಅದರ ಮೇಲೆ ಭಾರ ಬಿಡುವ ಶಕ್ತಿ ಹೋಯಿತು. ಮೇಳಕ್ಕೆ ಸೇರಿಸಿಕೊಂಡರೇ? ಸೇರಿಸಿಕೊಂಡರು, ಹಿಂದೆ ನಿಂತು ಪದ ಹೇಳುವುದಕ್ಕೆ. ಮುಂದಿನ ಸಾಲು ನೆಗೆಯುವಾಗ ಮಾವನ ಮೊಣಕಾಲೂ ತಾನಾಗಿ ಬಗ್ಗಿ, ಅರ್ಧಕ್ಕೇ ನಿಲ್ಲುತ್ತಿತ್ತು. ನನಗೆ ನೋಡಲಾಗುತ್ತಿರಲಿಲ್ಲ. ಕಂಸಾಳೆಯ ಸದ್ದು ಕೇಳಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಮಾವ ಹೋದ ವರ್ಷ ತೀರಿಕೊಂಡರು. ನಾನೀಗ ಯಳಂದೂರಿನಲ್ಲಿ ಸ್ಕೂಲ್ ಮೇಡಂ ಆಗಿದ್ದೇನೆ. ಹೋದ ತಿಂಗಳು ವರ್ಷದ ಪೂಜೆಗೆಂದು ಊರಿಗೆ ಹೋದರೆ, ಮೇಳದವರು ಶಾಮಿಯಾನ ಹಾಕಿಸಿ ಮೈಕು ತರಿಸಿದ್ದರು. ಅದೇ ಯಜಮಾನರು ಎದ್ದು ನಿಂತು, ಮುರಿದ ಕಾಲಲ್ಲಿ, ಬರಿಗಾಲಲ್ಲಿ ಬೆಟ್ಟ ಹತ್ತಿದ ಮಹಾಭಕ್ತ ಅಂತ ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಮುರಿದಿತ್ತು ಅನ್ನುವುದು ಹಾಗಾದರೆ ಗೊತ್ತಿತ್ತು! ಕೇಳಿಯೇಬಿಡೋಣ ಅಂತ ಎದ್ದೆ. ಅಷ್ಟರಲ್ಲಿ ಹೆಂಗಸರ ನಡುವೆ ಕೂತಿದ್ದ ಅತ್ತೆ ಅಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಅಂದರು.

"ಬೆಟ್ಟಕ್ಕೆ ಓಯ್ತೀನಿ ಅಂತ ಅವ್ರು ಅಂದೇ ಇರ್ನಿಲ್ಲ ಕಣ್ರಿ. ಕುಣೀಬೇಕು ಅಂದಿದ್ರು."