ನರ್ಸಮ್ಮನ ಮರಿಯಮ್ಮ ಯಾತ್ರೆ

ಅವರ ಎಡಗಾಲಿನಲ್ಲಿ ಬಿಳಿ ಕ್ಯಾನ್ವಾಸ್ ಶೂ, ಬಲಗಾಲಿನಲ್ಲಿ ನೀಲಿ. ಬಲಗಾಲಿನ ಹೆಬ್ಬೆರಳ ಬುಡ ಊದಿಕೊಂಡು ಗಂಟಾಗಿದ್ದರಿಂದ ಆ ಕಾಲಿಗೆ ಗಂಡಸರ ಶೂ ಬೇಕಾಗಿತ್ತು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎರಡು ಬಣ್ಣದ ಕಾಲುಗಳನ್ನು ಚಾಚಿಕೊಂಡು, ನಮ್ಮ ಸಿಂಧಘಟ್ಟದ ಆಚೆಯ ಪಾಳುಗುಡಿಯಲ್ಲಿ ಅವರು ಕುಳಿತಿದ್ದರು. ನಾವು ನಾಲ್ಕೈದು ಜನ ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರುತ್ತಿದ್ದೆವು.

ಅವರ ಮುಂದೆ ಮೇಣದಬತ್ತಿ ಉರಿಯುತ್ತಿತ್ತು. ಕೈಯಲ್ಲಿ ಮಣಿಸರ, ಬಾಯಲ್ಲಿ ಮಣಮಣ. ಪಕ್ಕದ ಚೀಲದಿಂದ ನಿಂಬೆಹಣ್ಣೂ ಕುಡುಗೋಲೂ ಇಣುಕುತ್ತಿದ್ದವು. ಪಾಳುಗುಡಿಗಳಲ್ಲಿ ನಿಧಿ ಅಗೆಯುವವರ ಸುದ್ದಿ ಕೇಳಿ ಕೇಳಿ ಕಾದಿದ್ದ ನಮಗೆ ಇನ್ನೇನು ಬೇಕು?

ನಮ್ಮ ಡೈರಿ ಸೆಕ್ರೆಟರಿ ಮುಂದೆ ನಿಂತ. "ಏನಮ್ಮೋ, ಎಷ್ಟು ಆಳಕ್ಕೈತೆ?"

ಅವರು ಜಪ ಮುಗಿಸಿ ಕಣ್ಣು ಬಿಟ್ಟರು. "ನಂಬಿಕೆ ಇದ್ದಷ್ಟು ಆಳಕ್ಕೈತೆ ಕಣಪ್ಪ."

"ಕೇಳ್ದ್ರೇನ್ಲಾ? ಅವಳೇ ಒಪ್ಕಂಡ್ಳು" ಎಂದ ಸೆಕ್ರೆಟರಿ.

ಅವರು ನಾಗಮಂಗಲದಲ್ಲಿ ನರ್ಸಾಗಿದ್ದು ನಿವೃತ್ತರಾದ ಕ್ಯಾಥೊಲಿಕ್ ಹೆಂಗಸು. ವರ್ಷಕ್ಕೊಮ್ಮೆ ಹಬ್ಬದ ಹೊತ್ತಿಗೆ ಶ್ರೀರಂಗಪಟ್ಟಣದ ಹತ್ತಿರದ ಮರಿಯಮ್ಮ ಮಾತೆಯ ಪುಟ್ಟ ಗುಡಿಗೆ ನಡೆದು ಹೋಗುವ ಹರಕೆ ಅವರದು. ನೆಟ್ಟಗಿನ ದಾರಿ ಬಿಟ್ಟು ಕಿಕ್ಕೇರಿ, ಕೆ.ಆರ್. ಪೇಟೆ ಕಡೆಯ ಹಾಳುಬಿದ್ದ ಗುಡಿಗಳನ್ನೆಲ್ಲ ಸುತ್ತಿಕೊಂಡು ಬರುತ್ತಿದ್ದರು. ಕುಡುಗೋಲು, ಕೂರುವ ಜಾಗದ ಲಂಟಾನ ಪೊದೆ ಸವರುವುದಕ್ಕೆ, ನಿಂಬೆಹಣ್ಣು ಪಾನಕಕ್ಕೆ. ಇದನ್ನೆಲ್ಲ ಅವರು ಹೇಳಿದರೂ ಸೆಕ್ರೆಟರಿ ಒಂದೇ ಕಡೆ ಸಿಕ್ಕಿಕೊಂಡ.

"ಮಾರಮ್ಮನ ಗುಡಿ ನಮ್ಮೂರಾಗೇ ಐತಲ್ಲ. ಅಷ್ಟು ದೂರ ಯಾಕೋಯ್ತೀಯ?"

"ಮಾರಮ್ಮ ಅಲ್ಲಪ್ಪ, ಮರಿಯಮ್ಮ."

"ಸರಿ, ಅವಳ ಗುಡಿಗೋಗೋಳು ಈ ಪಾಳು ಬಿದ್ದಿರೋದ್ರಾಗೆ ಯಾಕೆ ಕೂತಿದ್ದೀಯ?"

"ಇಲ್ಲೂ ಯಾರೋ ಅಳ್ತಾ ಬಂದು ಕೈ ಮುಗಿದಿರ್ತಾರೆ. ಈಗ ದೀಪ ಹಚ್ಚೋರಿಲ್ಲ. ಒಂದು ಮೇಣದಬತ್ತಿ ಉರಿದ್ರೆ ನಮ್ಮಮ್ಮ ಬೇಜಾರು ಮಾಡ್ಕೊಳ್ಳಲ್ಲ."

ಬೇರೆ ಯಾರಾದರೂ ಇದಕ್ಕೆ ಮರುಳಾಗುತ್ತಿದ್ದರು. ಸೆಕ್ರೆಟರಿ ಮಾತ್ರ ನನ್ನ ಕಡೆ ತಿರುಗಿದ. "ಲೇ, ನಿನ್ ಗಾಡಿ ತಕಂಡು ಇವರ ಇಂದ್ಗಡೆ ಓಗ್ಲಾ. ಗುಡಿ ಸೇರೋಗಂಟ ಕಣ್ತಪ್ಪಿಸ್ಬ್ಯಾಡ."

ಗಾಡಿ ಹತ್ತಿ ಎಂದರೆ ಅವರು ಹತ್ತಲಿಲ್ಲ, ನಡೆಯುವುದೇ ಹರಕೆ. ಹೀಗಾಗಿ ಮುಂದೆ ನರ್ಸಮ್ಮ, ಹಿಂದೆ ಮೊದಲ ಗೇರಿನಲ್ಲಿ ನಾನು. ಕ್ಲಚ್ಚು ಸುಟ್ಟ ವಾಸನೆ ಬರತೊಡಗಿದ ಮೇಲೆ ಇಳಿದು ಗಾಡಿ ತಳ್ಳಿದೆ. ಅವರು ತಿರುಗಿ ನೋಡಿ, "ಕಳ್ಳರನ್ನ ಕಾಯೋದು ಕಷ್ಟ ಅಲ್ವಾ?" ಎಂದು ಅರ್ಧ ನಿಂಬೆಹಣ್ಣು ಕೊಟ್ಟರು. ಚಿನಕುರಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ನರ್ಸಮ್ಮ ಅಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡು, ಬೀದಿಯ ಹೆಂಗಸರ ಸೊಂಟನೋವು, ಕಾಲುನೋವುಗಳನ್ನೆಲ್ಲ ವಿಚಾರಿಸಿಕೊಂಡು ಮಲಗಿದರು. ಬೆಳಗ್ಗೆ ಗಾಡಿಯನ್ನು ಅಲ್ಲೇ ಬಿಟ್ಟು ನಾನೂ ಜೊತೆಗೇ ನಡೆದೆ.

ಪಾಂಡವಪುರದ ಹತ್ತಿರ ಸೆಕ್ರೆಟರಿ ಇನ್ನಿಬ್ಬರನ್ನು ಕರೆದುಕೊಂಡು ಆಟೋದಲ್ಲಿ ಬಂದಿಳಿದ. ನನ್ನನ್ನು ಪಕ್ಕಕ್ಕೆ ಎಳೆದು, "ಎಲ್ಲಾರ ಅಗುದ್ಳಾ?" ಎಂದ.

"ಇನ್ನೂ ಇಲ್ಲ ಕಣಣ್ಣ."

ಅನುಮಾನ ಪರಿಹಾರವಾಗದೆ ಅವರೂ ನಡೆದರು. ಗುಡಿ ಮುಟ್ಟಿದಾಗ ಅಲ್ಲಿನ ಪಾದ್ರಿ ಗುರುಗಳು ನಮ್ಮ ಹೆಗಲ ಟವೆಲ್ಲುಗಳನ್ನು ನೋಡಿ, ನಾವೂ ಯಾತ್ರೆ ಬಂದವರೆಂದು ಸಂತೋಷಪಟ್ಟು, "ಇವರೆಲ್ಲ ಯಾವ ಧರ್ಮಕೇಂದ್ರದವರು, ಯಾವ ಚರ್ಚಿನವರು?" ಎಂದು ಕೇಳಿದರು.

"ಸಿಂಧಘಟ್ಟದೋರು ಗುರುಗಳೇ. ನಾನು ಕಳ್ಳಿ ಅಂತ ಕಾಯೋಕೆ ಬಂದವ್ರೆ" ಎಂದರು ನರ್ಸಮ್ಮ.

ಸೆಕ್ರೆಟರಿ ಮೆಲ್ಲಗೆ ಚಪ್ಪಲಿ ಬಿಟ್ಟು, ಅಂಗಿಯೊಳಗಿಂದ ತೆಂಗಿನಕಾಯಿ ತೆಗೆದ. ದಾರಿಯಲ್ಲಿ ಯಾವಾಗ ಕೊಂಡಿದ್ದನೋ. "ಇದನ್ನೆಲ್ಲಿ ಒಡೀಬೇಕು ಸ್ವಾಮಿ?" ಎಂದು ಗುರುಗಳನ್ನು ಕೇಳಿದ. ಒಡೆಯುವ ಪದ್ಧತಿ ಇಲ್ಲ, ಮಾತೆಯ ಮುಂದೆ ಇಟ್ಟರೆ ಸಾಕು ಎಂದರು ಅವರು. ಇಟ್ಟ.

ಮರುವರ್ಷ ಯಾತ್ರೆಯ ದಾರಿಯಲ್ಲಿ ನರ್ಸಮ್ಮ ನೇರ ನಮ್ಮ ಮನೆಗೇ ಬಂದರು. ಆಗ ನಮ್ಮವ್ವ ಕೊಟ್ಟಿಗೆಯಲ್ಲಿ ಜಾರಿ ಬಿದ್ದು, ಸೊಂಟದ ಆಪರೇಷನ್ ಆಗಿ, ಮಂಚ ಹಿಡಿದಿದ್ದಳು. ನಡೆಸಿ ಎಂದು ಡಾಕ್ಟರು ಹೇಳಿದ್ದರು. ಅವಳು ಕಾಲು ಊರಲು ಹೆದರಿ ಅಳುತ್ತಿದ್ದಳು. ನಾನೂ ನನ್ನ ಹೆಂಡತಿಯೂ ಹೇಳಿ ಹೇಳಿ ಕೈಬಿಟ್ಟಿದ್ದೆವು. ಇನ್ನು ಅವ್ವ ಮಲಗಿದ ಜಾಗದಲ್ಲೇ ಮುಗಿಯುತ್ತಾಳೆ ಎಂದುಕೊಂಡಿದ್ದೆ. ನರ್ಸಮ್ಮ ಕಾಲು ಮುಟ್ಟಿ ನೋಡಿ, "ಮೂಳೆ ಕೂಡೈತೆ, ಧೈರ್ಯ ಕೂಡಿಲ್ಲ" ಎಂದವರೇ ಚೀಲವನ್ನು ಮೊಳೆಗೆ ನೇತುಹಾಕಿದರು.

ಅಂದಿನಿಂದ ನಮ್ಮ ಹಟ್ಟಿಯಲ್ಲಿ ದಿನವೂ ಜಗಳ.

"ನಿನ್ ಮರಿಯಮ್ಮಂಗೆ ನನ್ ಕಾಲೇ ಬೇಕಾಗಿತ್ತೇನೇ ಮುಂಡೆ?" ಎಂದು ಅವ್ವ ಕೂಗುವಳು.

"ಬೈಕೊಂಡೇ ನಡೀರಿ. ಬಯ್ಯೋಕೆ ಉಸಿರೈತೆ ಅಂದ್ರೆ ನಡೆಯೋಕೂ ಐತೆ" ಎಂದು ಇವರು ರಟ್ಟೆ ಹಿಡಿಯುವರು.

ಮೊದಲು ಬಾಗಿಲವರೆಗೆ, ಆಮೇಲೆ ಬೀದಿ ಕೊನೆಯವರೆಗೆ, ಕಡೆಗೊಂದು ದಿನ ಪಾಳುಗುಡಿಯವರೆಗೆ. ಅಲ್ಲಿನ ಕಲ್ಲಿನ ಮೇಲೆ ಕೂತು ಅವ್ವ ಏದುಸಿರು ಬಿಡುತ್ತ ನಕ್ಕಳು. ಅಷ್ಟರಲ್ಲಿ ಹಬ್ಬ ಕಳೆದುಹೋಗಿತ್ತು. "ನಿಮ್ಮ ಹರಕೆ?" ಎಂದು ಕೇಳಿದರೆ ನರ್ಸಮ್ಮ, "ಅಮ್ಮಂಗೆ ನಾನೆಲ್ಲಿದೀನಿ ಅಂತ ಗೊತ್ತು" ಎಂದು ಹೇಳಿ, ನಾಗಮಂಗಲದ ಬಸ್ಸು ಹತ್ತಿದರು.

ಆಮೇಲಿನ ವರ್ಷಗಳಲ್ಲಿ ಅವರು ಯಾತ್ರೆ ತಪ್ಪಿಸಲಿಲ್ಲ. ಹೋದ ವರ್ಷ ಮಲಗಿದ್ದಲ್ಲೇ ತೀರಿಕೊಂಡರು ಎಂದು ಅವರ ತಂಗಿಯ ಮಗಳು ಫೋನು ಮಾಡಿದಳು. ಮಣ್ಣಿಗೆ ಹೋಗಿದ್ದೆವು. ಅವ್ವ ಒಂದು ಹಿಡಿ ಮಣ್ಣು ಹಾಕಿದಳು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ, "ಒಂದೊರ್ಸ ನನ್ನಿಂದ ತಪ್ಪೋಯ್ತಲ್ಲಾ ಅವಳ್ದು" ಎಂದಳು.

ಈ ವರ್ಷ ಹಬ್ಬಕ್ಕೆ ಅವಳು ಹೊರಟು ನಿಂತಳು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಕೂತು, ಎದ್ದು, ನೆಂಟರ ಮನೆಗಳಲ್ಲಿ ಉಳಿದು, ಬೈಯುತ್ತ ಬೈಯುತ್ತ ಸಿಂಧಘಟ್ಟದಿಂದ ಶ್ರೀರಂಗಪಟ್ಟಣದವರೆಗೂ ನಡೆದಳು. ಮಾತೆಯ ಗುಡಿಯಲ್ಲಿ ಮಂಡಿಯೂರಲು ಬಾರದೆ, ನನ್ನ ಹೆಗಲು ಹಿಡಿದು ನಿಂತೇ ಕೈಯೆತ್ತಿದಳು.

"ಇದು ಅವಳ ನಡಿಗೆ ಕಣವ್ವ," ಎಂದಳು ಮರಿಯಮ್ಮನಿಗೆ, "ನಂದಲ್ಲ."